ಹೊಸ ವೈನ್‌ಮೇಕರ್ ಬಂದ ವೈನರಿಯಲ್ಲಿ ರುಚಿ ನೋಡುವುದು: ನನ್ನ ಅನುಭವ

ಹೊಸ ವೈನ್‌ಮೇಕರ್ ಬಂದಿರುವ ವೈನರಿಗೆ ಹೊರಡುವ ಮೊದಲೇ ನಾನು ವಿಚಾರಿಸಿಕೊಳ್ಳುವುದು ಅವರು ಕೆಲಸಕ್ಕೆ ಸೇರಿದ ತಿಂಗಳು. ಪೀಪಾಯಿ ಕಾಣದ ಬಿಳಿ ವೈನ್ ಕೊಯ್ಲಾದ ಆರೆಂಟು ತಿಂಗಳಲ್ಲಿ ಬಾಟಲಿಗೆ ಬರುತ್ತದೆ. ಕೆಂಪು ವೈನ್ ಹಾಗಲ್ಲ, ಸಾಮಾನ್ಯವಾಗಿ 12ರಿಂದ 18 ತಿಂಗಳು ಪೀಪಾಯಿಯಲ್ಲಿದ್ದು, ಮತ್ತೆ ಕೆಲವು ತಿಂಗಳು ಬಾಟಲಿಯಲ್ಲಿ ಕಳೆದು ಹೊರಬರುತ್ತದೆ. ಹೀಗಾಗಿ ಹೊಸಬರು ಬಂದು ವರ್ಷವಾದರೂ ಅಲ್ಲಿ ಕುಡಿಯಲು ಸಿಗುವ ಕೆಂಪು ವೈನ್ ಹಿಂದಿನವರ ಕೈಯದ್ದೇ ಆಗಿರಬಹುದು.

ಒಂದೊಂದು ವೈನಿಗೂ ನಾಲ್ಕು ಪ್ರಶ್ನೆ ಕೇಳಿ ಬರೆದುಕೊಳ್ಳುತ್ತೇನೆ: ಕೊಯ್ಲಿನ ದಿನ ಗೊತ್ತುಮಾಡಿದವರು ಯಾರು, ಹುದುಗಿಸಿದವರು ಯಾರು, ಪೀಪಾಯಿ ಆರಿಸಿದವರು ಯಾರು, ಕೊನೆಯ ಮಿಶ್ರಣ ಮಾಡಿದವರು ಯಾರು. ವೈನ್ ಇನ್ನೂ ಪೀಪಾಯಿಯಲ್ಲಿರುವಾಗ ನಡುವೆ ಬಂದವರ ಪಾಲೂ ಸಣ್ಣದಲ್ಲ. ಯಾವ ಪೀಪಾಯಿ ಸೇರಿಸಬೇಕು, ಯಾವುದನ್ನು ಬಿಡಬೇಕು, ಸೋಸಬೇಕೋ ಬೇಡವೋ, ಬಾಟಲಿ ತುಂಬುವಾಗ ವೈನ್ ಕೆಡದಂತೆ ಹಾಕುವ ಗಂಧಕ ಎಷ್ಟು ಎಂಬ ತೀರ್ಮಾನಗಳಷ್ಟೇ ಸಾಕು, ಅದೇ ವೈನ್ ಬೇರೆಯಾಗಿ ಕಾಣಲು.

ಭೇಟಿಗೆ ಕೊಯ್ಲಿನ ವಾರಗಳನ್ನು ಬಿಟ್ಟು ಬೇರೆ ಸಮಯ ಕೇಳುತ್ತೇನೆ. ಒಂದೇ ತೋಟದ, ಒಂದೇ ತಳಿಯ ಎರಡು ಹಳೆಯ ವರ್ಷ, ಎರಡು ಹೊಸ ವರ್ಷದ ಬಾಟಲಿಗಳನ್ನು ಅಕ್ಕಪಕ್ಕ ಇಡಲು ಮೊದಲೇ ವಿನಂತಿಸುತ್ತೇನೆ. ಹಳೆಯದು ಸಿಗದಿದ್ದರೆ ಆ ಭೇಟಿಯಲ್ಲಿ ಶೈಲಿ ಬದಲಾಗಿದೆ ಎಂದು ಬರೆಯುವುದೇ ಇಲ್ಲ. ನೆನಪಿನ ರುಚಿಯನ್ನು ನಂಬುವಂತಿಲ್ಲ. ಅದೇ ವರ್ಷದ್ದೊಂದು ಪಕ್ಕದ ವೈನರಿಯ ಬಾಟಲಿಯನ್ನೂ ಕುಡಿದು ನೋಡಿರುತ್ತೇನೆ. ಎರಡೂ ಕಡೆ ಹಣ್ಣು ಬಲಿತ ರುಚಿ ಒಂದೇ ತೆರನಾಗಿ ಹೆಚ್ಚಿದ್ದರೆ ಅದು ಬಹುಮಟ್ಟಿಗೆ ಆ ವರ್ಷದ ಹವೆಯ ಕೆಲಸ.

ಎಲ್ಲಕ್ಕೂ ಒಂದೇ ಅಳತೆಯ ಗ್ಲಾಸು ಬೇಕು. ವೈನ್ ರುಚಿ ನೋಡಲೆಂದೇ ಅಳತೆ ಗೊತ್ತುಮಾಡಿದ 215 ಮಿಲಿಯ ಐಎಸ್‌ಒ ಗ್ಲಾಸಿಗೆ 50 ಮಿಲಿ ಹಾಕಿಸಿಕೊಳ್ಳುತ್ತೇನೆ. ಬಿಳಿಗೆ 10ರಿಂದ 12 ಡಿಗ್ರಿ ಸೆಲ್ಸಿಯಸ್, ಕೆಂಪಿಗೆ 16ರಿಂದ 18. ಫ್ರಿಜ್ಜಿನಿಂದ ನೇರ ಬಂದ ಬಿಳಿ ವೈನಿನ ವಾಸನೆ ಅಡಗಿರುತ್ತದೆ, ತಣ್ಣಗಿನ ಕೆಂಪಿನ ಒಗರು ಚುರುಕಾಗಿ ಹೊಡೆಯುತ್ತದೆ. ಅಂಗೈಯಲ್ಲಿ ಹಿಡಿದು ಐದು ನಿಮಿಷ ಕಾಯುವುದು ಒಳ್ಳೆಯದು. ಬಾಟಲಿ ಯಾವಾಗ ತೆರೆದದ್ದು ಎಂದು ಕೇಳಲೇಬೇಕು. ನಿನ್ನೆಯಿಂದ ಅರ್ಧ ಖಾಲಿ ನಿಂತದ್ದನ್ನು ಇಂದು ತೆರೆದದ್ದರ ಜೊತೆ ಹೋಲಿಸಿ ಉಪಯೋಗವಿಲ್ಲ.

ಗ್ಲಾಸು ಅಲುಗಿಸದೆ ಒಮ್ಮೆ, ತಿರುಗಿಸಿ ಒಮ್ಮೆ ಮೂಸುತ್ತೇನೆ. ಆಮೇಲೆ 10 ಮಿಲಿಯಷ್ಟು ಬಾಯಲ್ಲಿ 10-15 ಸೆಕೆಂಡು ಆಡಿಸಿ ಉಗುಳುತ್ತೇನೆ. ಕೆಂಪು ವೈನಿನಲ್ಲಿ ಬಹಳ ಮಂದಿ ಎಡವುವ ಜಾಗ ಇದು: ಸಿಪ್ಪೆ, ಬೀಜಗಳಿಂದ ಬರುವ ಒಗರಿನ ಅಂಶವಾದ ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಒಗರು ಗುಟುಕಿನಿಂದ ಗುಟುಕಿಗೆ ಕೂಡುತ್ತಾ ಹೋಗುತ್ತದೆ. ನಾಲ್ಕನೆಯ ಗ್ಲಾಸು ನಿಜಕ್ಕಿಂತ ಹೆಚ್ಚು ಒರಟೆನಿಸುತ್ತದೆ. ಆದ್ದರಿಂದ ನಡುವೆ ನೀರು, ಸಪ್ಪೆ ಬ್ರೆಡ್ಡಿನ ತುಣುಕು, ಎರಡು ಮೂರು ನಿಮಿಷದ ಬಿಡುವು. ಸಾಲು ಮುಗಿದ ಮೇಲೆ ಕೊನೆಯಿಂದ ಮೊದಲಿಗೆ ಮತ್ತೊಮ್ಮೆ. ಎರಡು ಸಲವೂ ಒಂದೇ ಮಾತು ಬರೆದಿದ್ದರೆ ಮಾತ್ರ ಉಳಿಸಿಕೊಳ್ಳುತ್ತೇನೆ.

ಇನ್ನು ಬದಲಾವಣೆಯನ್ನು ಓದುವುದು. ಮೊದಲು ಲೇಬಲ್ಲಿನ ಆಲ್ಕೊಹಾಲ್. ಹಣ್ಣಿನ ರಸದ ಸಕ್ಕರೆ ಅಳೆಯುವುದು ಬ್ರಿಕ್ಸ್‌ನಲ್ಲಿ. ಒಂದು ಬ್ರಿಕ್ಸ್ ಸಕ್ಕರೆ ಸುಮಾರು ಶೇ 0.55ರಿಂದ 0.6 ಆಲ್ಕೊಹಾಲ್ ಆಗುತ್ತದೆ. 13ರಿಂದ 14ಕ್ಕೆ ಏರಿದೆ ಎಂದರೆ ಹಣ್ಣು ಸುಮಾರು 1.7 ಬ್ರಿಕ್ಸ್ ಹೆಚ್ಚು ಮಾಗಿದ ಮೇಲೆ ಕಿತ್ತಿದ್ದಾರೆ. ರಸಕ್ಕೆ ಸಕ್ಕರೆ ಸೇರಿಸುವ ಕಡೆ ಈ ಲೆಕ್ಕ ನಡೆಯದು. ಲೇಬಲ್ಲಿನ ಅಂಕಿಗೂ ಕಾನೂನು ಒಂದಿಷ್ಟು ಹೆಚ್ಚುಕಡಿಮೆಗೆ ಅವಕಾಶ ಕೊಡುತ್ತದೆ, ಹಾಗಾಗಿ ಪ್ರಯೋಗಾಲಯದ ಹಾಳೆ ತೋರಿಸಿ ಎಂದು ಕೇಳುತ್ತೇನೆ. ಆಲ್ಕೊಹಾಲ್, ಪಿಎಚ್ (ಹುಳಿಯ ತೀವ್ರತೆಯ ಅಳತೆ, ಕಡಿಮೆಯಾದಷ್ಟೂ ಹುಳಿ ಜೋರು), ಒಟ್ಟು ಹುಳಿ ಈ ಮೂರು ಸಾಕು. ವಯಸ್ಸಾದ ಬಾಟಲಿಯಲ್ಲಿ ಹಣ್ಣಿನ ವಾಸನೆ ಇಳಿದು ಒಗರು ಮೆತ್ತಗಾಗಿರುತ್ತದೆ, ಈ ಅಂಕಿಗಳು ಮಾತ್ರ ಹೆಚ್ಚು ಕದಲಿರುವುದಿಲ್ಲ.

ಬಿಳಿ ವೈನ್ ಮೊದಲಿಗಿಂತ ಹುಳಿ ಎನಿಸಿದರೆ ಕಾರಣ ಎರಡಿರಬಹುದು. ಆಲ್ಕೊಹಾಲ್ ಇಳಿದು ಹುಳಿ ಏರಿದ್ದರೆ ಬೇಗ ಕೊಯ್ದಿದ್ದಾರೆ. ಆಲ್ಕೊಹಾಲ್ ಅಷ್ಟೇ ಇದ್ದು ಹಸಿರು ಸೇಬಿನಂಥ ಹುಳಿ ಬಂದು, ಬೆಣ್ಣೆಯ ವಾಸನೆ ಮಾಯವಾಗಿದ್ದರೆ ಮಾಲಿಕ್ ಆಮ್ಲ ಲ್ಯಾಕ್ಟಿಕ್ ಆಗುವ ಎರಡನೆಯ ಹಂತವನ್ನು ತಡೆದಿದ್ದಾರೆ. ಇದನ್ನು ವೈನ್‌ಮೇಕರನ್ನೇ ಕೇಳಿ ಖಚಿತಪಡಿಸಿಕೊಳ್ಳಬಹುದು. ಕೆಲಸ ಬಲ್ಲವರು ಇಂಥ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತಾರೆ.

ಕೆಂಪಿನಲ್ಲಿ ಓಕ್, ಅಂದರೆ ಪೀಪಾಯಿಯ ಮರದ ಗುರುತು ನೋಡುತ್ತೇನೆ. 225 ಲೀಟರಿನ ಹೊಸ ಪೀಪಾಯಿ ಮೊದಲ ತುಂಬುವಿಕೆಯಲ್ಲೇ ಹೆಚ್ಚು ವಾಸನೆ ಬಿಡುತ್ತದೆ, ಮೂರು ನಾಲ್ಕು ಸಲವಾದ ಮೇಲೆ ಬರಿಯ ಪಾತ್ರೆಯಂತೆ. ತೆಂಗಿನಕಾಯಿ, ವೆನಿಲಾ ಮುಂದೆ ಬಂದರೆ ಅಮೆರಿಕನ್ ಓಕ್ ಇರಬಹುದು, ಹೊಗೆ, ಕಾಫಿ ಬಂದರೆ ಒಳಮೈ ಜೋರಾಗಿ ಸುಟ್ಟ ಪೀಪಾಯಿ. ಗೊಂಚಲನ್ನು ತೊಟ್ಟಿನ ಸಮೇತ ಹುದುಗಿಸಿದ್ದರೆ ಹಸಿ ಕಡ್ಡಿಯ ವಾಸನೆ ಬರುತ್ತದೆ. ತೊಟ್ಟಿನ ಪೊಟ್ಯಾಸಿಯಂನಿಂದ ಪಿಎಚ್ ಕೊಂಚ ಏರುತ್ತದೆ, ಬಣ್ಣವೂ ಸ್ವಲ್ಪ ತಿಳಿಯಾಗುತ್ತದೆ.

ದೋಷವನ್ನು ಶೈಲಿಯ ಲೆಕ್ಕಕ್ಕೆ ಬರೆಯಬಾರದು. ಒದ್ದೆ ರಟ್ಟಿನ ವಾಸನೆ ಕಾರ್ಕಿನದು, ಇನ್ನೊಂದು ಬಾಟಲಿ ತೆರೆಸಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಶುಚಿಯಾದ ತಾಮ್ರದ ತುಂಡು ಹಾಕಿ ಅಲುಗಿಸುತ್ತೇನೆ. ವಾಸನೆ ಹೋದರೆ ಅದು ಹೈಡ್ರೋಜನ್ ಸಲ್ಫೈಡ್, ಆ ಗ್ಲಾಸನ್ನು ಚೆಲ್ಲುತ್ತೇನೆ. ಕುದುರೆ ಲಾಯ, ಬ್ಯಾಂಡೇಜಿನ ವಾಸನೆ ಬ್ರೆಟ್ಟನೊಮೈಸಿಸ್ ಯೀಸ್ಟಿನದು. ಅದು ಹಳೆಯ ಪೀಪಾಯಿಯ ಮರದೊಳಗೆ ಉಳಿದುಕೊಂಡಿರುತ್ತದೆ, ಆದ್ದರಿಂದ ಹೊಸಬರ ಮೇಲೆ ಹೊರಿಸುವ ಮೊದಲು ಪೀಪಾಯಿಯ ವಯಸ್ಸು ಕೇಳುತ್ತೇನೆ.

ಪೀಪಾಯಿಯಿಂದ ನೇರ ತೆಗೆದು ಕೊಟ್ಟರೆ ಬೇಡವೆನ್ನುವುದಿಲ್ಲ. ಹೊಸಬರ ಕೈ ಮೊದಲು ಕಾಣುವುದು ಅಲ್ಲೇ. ಆದರೆ ಅದು ಕದಡಿರುತ್ತದೆ, ಕರಗಿದ ಇಂಗಾಲದ ಡೈಆಕ್ಸೈಡಿನಿಂದ ನಾಲಿಗೆ ಚುಮುಗುಟ್ಟುತ್ತದೆ, ಒಂದು ಪೀಪಾಯಿ ಇಡೀ ಮಿಶ್ರಣವಲ್ಲ. ಒಂದೇ ವೈನನ್ನು ಹೊಸ ಪೀಪಾಯಿಯಿಂದೊಮ್ಮೆ, ಹಳೆಯದರಿಂದೊಮ್ಮೆ ಕೇಳಿದರೆ ಮರದ ಪಾಲೆಷ್ಟು, ಹಣ್ಣಿನ ಪಾಲೆಷ್ಟು ಎಂಬುದು ಬೇರೆಬೇರೆಯಾಗಿ ತಿಳಿಯುತ್ತದೆ.

ಹೊರಡುವಾಗ ಹಳೆಯದೊಂದು, ಹೊಸದೊಂದು ಬಾಟಲಿ ಕೊಳ್ಳುತ್ತೇನೆ. ಪ್ರಯಾಣದ ಕುಲುಕಾಟ ತಣಿಯಲೆಂದು ಒಂದೆರಡು ವಾರ ಬಿಟ್ಟು, ಮೂರು ಗ್ಲಾಸುಗಳಲ್ಲಿ ಎರಡಕ್ಕೆ ಒಂದು, ಉಳಿದದ್ದಕ್ಕೆ ಇನ್ನೊಂದು ವೈನ್ ಬೇರೆಯವರಿಂದ ಹಾಕಿಸಿ, ಬಣ್ಣ ಕಾಣದಂತೆ ಕಣ್ಣು ಕಟ್ಟಿಕೊಂಡು, ಒಂಟಿ ಗ್ಲಾಸು ಯಾವುದೆಂದು ಹುಡುಕುತ್ತೇನೆ. ಊಹೆಯಿಂದಲೇ ಮೂರರಲ್ಲಿ ಒಂದು ಸಲ ಸರಿಯಾಗಬಹುದಾದ್ದರಿಂದ ಆರು ಸಲ ಮಾಡಿ, ಐದಾದರೂ ಸರಿಬಂದರೆ ಮಾತ್ರ ವ್ಯತ್ಯಾಸವಿದೆ ಎಂದು ಬರೆದುಕೊಳ್ಳುತ್ತೇನೆ. ಬರದಿದ್ದರೆ ಆ ಪುಟ ಖಾಲಿ ಬಿಟ್ಟು, ಕೊಯ್ಲಿನಿಂದ ಬಾಟಲಿಯವರೆಗೆ ಹೊಸಬರೇ ಮಾಡಿದ ಮೊದಲ ಕೆಂಪು ವೈನ್ ಬರುವವರೆಗೆ ಕಾಯುತ್ತೇನೆ.