ಕಾರ್ಸ್ ಎರರ್ ಬಂದಾಗ ಮೊದಲು ಆಪ್ಷನ್ಸ್ ಸಾಲು ನೋಡಿ

ಬೇರೆ ವಿಳಾಸದ ಸರ್ವರ್ ಕೊಟ್ಟ ಉತ್ತರವನ್ನು ಪುಟದ ಸ್ಕ್ರಿಪ್ಟ್ ಓದಬಹುದೇ ಎಂದು ಬ್ರೌಸರ್ ಆ ಸರ್ವರ್‌ನ ಹೆಡರ್ ನೋಡಿ ತೀರ್ಮಾನಿಸುವ ನಿಯಮವೇ ಕಾರ್ಸ್ (CORS). ಬ್ರೌಸರ್ ಕನ್ಸೋಲ್‌ನಲ್ಲಿ ‘ಬ್ಲಾಕ್ಡ್ ಬೈ ಕಾರ್ಸ್ ಪಾಲಿಸಿ’ ಎಂದು ಕೆಂಪಗೆ ಕಂಡರೆ ನಾನು ಸ್ಕ್ರಿಪ್ಟ್ ಮುಟ್ಟಲು ಹೋಗುವುದಿಲ್ಲ. ನೆಟ್‌ವರ್ಕ್ ಟ್ಯಾಬ್ ತೆರೆದು, ಆ ಯುಆರ್‌ಎಲ್‌ಗೆ ಆಪ್ಷನ್ಸ್ ರಿಕ್ವೆಸ್ಟ್ ಹೋಗಿದೆಯೇ, ಅದಕ್ಕೆ ಯಾವ ಸ್ಟೇಟಸ್ ಬಂದಿದೆ ಎಂದು ನೋಡುತ್ತೇನೆ. ಬಹಳ ಸಲ ತಪ್ಪು ಅಲ್ಲೇ ಕೂತಿರುತ್ತದೆ.

ಸ್ಕೀಮ್, ಹೋಸ್ಟ್, ಪೋರ್ಟ್ ಮೂರೂ ಸೇರಿದರೆ ಒರಿಜಿನ್. ಲೋಕಲ್‌ಹೋಸ್ಟ್‌ನಲ್ಲೇ 3000ರ ಪುಟ 8080ನ್ನು ಕೇಳಿದರೂ ಅದು ಬೇರೆ ಒರಿಜಿನ್. ಸಾದಾ ಗೆಟ್‌ಗೆ ಪ್ರೀಫ್ಲೈಟ್, ಅಂದರೆ ಮುಂಚಿತವಾಗಿ ಅನುಮತಿ ಕೇಳುವ ಆಪ್ಷನ್ಸ್ ರಿಕ್ವೆಸ್ಟ್, ಇಲ್ಲ. ಆಥರೈಸೇಶನ್ ಹೆಡರ್ ಸೇರಿಸಿದರೆ, ಕಂಟೆಂಟ್-ಟೈಪ್ ಜೇಸನ್ ಆದರೆ, ಪುಟ್ ಅಥವಾ ಡಿಲೀಟ್ ಬಳಸಿದರೆ ಬ್ರೌಸರ್ ಮೊದಲು ಆಪ್ಷನ್ಸ್ ಕಳಿಸಿ ಅನುಮತಿ ಕೇಳುತ್ತದೆ. ಲಾಗಿನ್ ಸೇರಿಸಿದ ದಿನವೇ ಎಲ್ಲ ಕೆಟ್ಟಂತೆ ಕಾಣುವುದು ಇದರಿಂದ.

ಪ್ರೀಫ್ಲೈಟ್ ಜೊತೆ ಲಾಗಿನ್ ಟೋಕನ್ ಹೋಗುವುದಿಲ್ಲ. ಸರ್ವರ್‌ನ ಲಾಗಿನ್ ತಪಾಸಣೆ ಅದನ್ನೂ ತಡೆದು 401 ಕೊಟ್ಟರೆ ಅಸಲಿ ರಿಕ್ವೆಸ್ಟ್ ಹೊರಡುವುದೇ ಇಲ್ಲ. ಆದ್ದರಿಂದ ಕಾರ್ಸ್ ಹೆಡರ್ ಹಾಕುವ ಮಿಡಲ್‌ವೇರ್ ಲಾಗಿನ್ ತಪಾಸಣೆಗಿಂತ ಮುಂಚೆ ಇರಬೇಕು. ಉತ್ತರ 200 ಅಥವಾ 204 ಆಗಿರಲಿ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ರೀಡೈರೆಕ್ಟ್ ಮಾಡಿದರೂ ಪ್ರೀಫ್ಲೈಟ್ ಸೋಲುತ್ತದೆ. ಇನ್ನೊಂದು: ಸರ್ವರ್ ಉತ್ತರದ ಆಕ್ಸೆಸ್-ಕಂಟ್ರೋಲ್-ಅಲೌ-ಹೆಡರ್ಸ್‌ನಲ್ಲಿ ನಕ್ಷತ್ರ ಚಿಹ್ನೆ ಹಾಕಿದ್ದರೂ ಆಥರೈಸೇಶನ್ ಅದರೊಳಗೆ ಬರುವುದಿಲ್ಲ, ಹೆಸರು ಬರೆದೇ ತೀರಬೇಕು.

ಕಮಾಂಡ್ ಸಾಲಿನಿಂದ ರಿಕ್ವೆಸ್ಟ್ ಕಳಿಸುವ ಕರ್ಲ್‌ನಲ್ಲಿ ಬರೀ ಗೆಟ್ ಓಡಿಸಿ ‘ಸರ್ವರ್ ಸರಿಯಿದೆ’ ಎನ್ನುವುದು ಸಾಲದು, ಕರ್ಲ್ ಕಾರ್ಸ್ ನಿಯಮ ನೋಡುವುದೇ ಇಲ್ಲ. ಆಪ್ಷನ್ಸ್ ಮೆಥಡ್‌ನಲ್ಲಿ, ಒರಿಜಿನ್, ಆಕ್ಸೆಸ್-ಕಂಟ್ರೋಲ್-ರಿಕ್ವೆಸ್ಟ್-ಮೆಥಡ್, ಆಕ್ಸೆಸ್-ಕಂಟ್ರೋಲ್-ರಿಕ್ವೆಸ್ಟ್-ಹೆಡರ್ಸ್ ಮೂರನ್ನೂ ಕೊಟ್ಟು ಕಳಿಸಿ, ಬಂದ ಹೆಡರ್‌ಗಳನ್ನು ಒಂದೊಂದಾಗಿ ಓದಿ. ಒರಿಜಿನ್ ಕೊನೆಗೆ ಒಂದು ಸ್ಲ್ಯಾಶ್ ಹೆಚ್ಚಿದ್ದರೂ ಹೊಂದುವುದಿಲ್ಲ.

ಪ್ರೀಫ್ಲೈಟ್ ಪಾಸಾಗಿಯೂ ಅದೇ ಎರರ್ ಬಂದರೆ ಸರ್ವರ್ ಲಾಗ್ ನೋಡಿ. ಆ್ಯಪ್‌ನ ಮುಂದೆ ನಿಲ್ಲುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಆಡ್-ಹೆಡರ್, ಕೊನೆಗೆ ‘ಆಲ್ವೇಸ್’ ಎಂದು ಬರೆಯದಿದ್ದರೆ, 500ರಂಥ ಉತ್ತರಕ್ಕೆ ಹೆಡರ್ ಅಂಟಿಸುವುದಿಲ್ಲ. ಡೇಟಾಬೇಸ್ ತಪ್ಪೂ ಆಗ ಕಾರ್ಸ್ ವೇಷದಲ್ಲೇ ಬರುತ್ತದೆ. ಎಂಜಿನ್‌ಎಕ್ಸ್, ಆ್ಯಪ್ ಎರಡೂ ಅಲೌ-ಒರಿಜಿನ್ ಹಾಕಿದರೆ ಹೆಡರ್ ಎರಡಾಗಿ ಬ್ರೌಸರ್ ಒಪ್ಪುವುದಿಲ್ಲ. ಒಂದು ಕಡೆ ತೆಗೆಯಿರಿ.

ಕುಕೀ ಕಳಿಸಬೇಕಿದ್ದರೆ ಫೆಚ್‌ನಲ್ಲಿ ಕ್ರೆಡೆನ್ಷಿಯಲ್ಸ್ ‘ಇನ್‌ಕ್ಲೂಡ್’, ಸರ್ವರ್‌ನಲ್ಲಿ ಅಲೌ-ಕ್ರೆಡೆನ್ಷಿಯಲ್ಸ್ ‘ಟ್ರೂ’. ಅಲೌ-ಒರಿಜಿನ್‌ಗೆ ನಕ್ಷತ್ರ ನಡೆಯದು. ಬಂದ ಒರಿಜಿನ್ ನಿಮ್ಮ ಪಟ್ಟಿಯಲ್ಲಿದ್ದರೆ ಮಾತ್ರ ಅದನ್ನೇ ತಿರುಗಿಸಿ ಕೊಡಿ, ಜೊತೆಗೆ ‘ವೇರಿ: ಒರಿಜಿನ್’ ಇಡಿ. ಇಲ್ಲವಾದರೆ ನಡುವಿನ ಕ್ಯಾಶ್ ಒಂದು ಒರಿಜಿನ್‌ಗೆ ಬಂದ ಉತ್ತರವನ್ನು ಇನ್ನೊಂದಕ್ಕೆ ಕೊಡಬಹುದು.

ಫೆಚ್‌ನ ಮೋಡ್‌ಗೆ ‘ನೋ-ಕಾರ್ಸ್’ ಹಾಕಬೇಡಿ. ಎರರ್ ಮಾಯವಾಗುತ್ತದೆ, ಆದರೆ ಸ್ಟೇಟಸ್ 0, ಉತ್ತರದ ಒಂದಕ್ಷರವೂ ಸ್ಕ್ರಿಪ್ಟ್‌ಗೆ ಸಿಗುವುದಿಲ್ಲ.

ಸರ್ವರ್ ತಿದ್ದಿದ ಮೇಲೂ ಹಳೆಯ ವರ್ತನೆಯೇ ಕಂಡರೆ, ಪ್ರೀಫ್ಲೈಟ್ ಉತ್ತರವನ್ನು ಎಷ್ಟು ಹೊತ್ತು ನೆನಪಿಡಬೇಕೆಂದು ಹೇಳುವ ಆಕ್ಸೆಸ್-ಕಂಟ್ರೋಲ್-ಮ್ಯಾಕ್ಸ್-ಏಜ್ ಹೆಡರ್ ನೋಡಿ. ಎಷ್ಟೇ ದೊಡ್ಡ ಸಂಖ್ಯೆ ಕೊಟ್ಟರೂ ಕ್ರೋಮ್ 7200 ಸೆಕೆಂಡ್, ಫೈರ್‌ಫಾಕ್ಸ್ 86400 ಸೆಕೆಂಡ್‌ವರೆಗೆ ಪ್ರೀಫ್ಲೈಟ್ ಉತ್ತರ ನೆನಪಿಟ್ಟುಕೊಳ್ಳುತ್ತವೆ. ಪರೀಕ್ಷೆ ಮುಗಿಯುವ ತನಕ ಅದನ್ನು 0 ಮಾಡಿ, ಡೆವ್‌ಟೂಲ್ಸ್‌ನಲ್ಲಿ ‘ಡಿಸೇಬಲ್ ಕ್ಯಾಶ್’ ಟಿಕ್ ಮಾಡಿಟ್ಟು ಕೆಲಸ ಮಾಡಿ.