ಮೊದಲ ರಿವ್ಯೂ ಬಂತಾ? ಕೋಲ್ಡ್ ಫ್ಯೂಷನ್ ಪೇಪರ್ ಹಿಡಿದು ಕೈ ಪಳಗಿಸಿಕೊಳ್ಳಿ

ವಿಟಿಯು, ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಎರಡೂ ಇರುವ ಬೆಳಗಾವಿಯಲ್ಲಿ ಪಿಎಚ್‌ಡಿ ಮಾಡುವವರಿಗೆ ಕೊರತೆಯಿಲ್ಲ. ಒಂದೆರಡು ಪೇಪರ್ ಅಚ್ಚಾದ ಮೇಲೆ ಯಾವುದೋ ಜರ್ನಲ್‌ನಿಂದ ಮೇಲ್ ಬರುತ್ತದೆ: ಈ ಪೇಪರ್ ಓದಿ, ಪ್ರಕಟಿಸಬಹುದಾ ಹೇಳಿ. ಪೇಪರ್ ಬರೆಯುವುದನ್ನು ಗೈಡ್ ಕಲಿಸಿರುತ್ತಾರೆ. ರಿವ್ಯೂ ಮಾಡುವುದನ್ನು ಕಲಿಸುವವರು ಕಡಿಮೆ.

ಒಂದು ಹಳೆಯ ಪೇಪರ್ ತೆಗೆದುಕೊಂಡು ಅಭ್ಯಾಸ ಮಾಡಿ. ನಾನು ಎಂಎಸ್ಸಿ ಹುಡುಗರಿಗೆ ಕೊಡುವುದು ರಸಾಯನ ವಿಜ್ಞಾನಿಗಳಾದ ಫ್ಲೈಷ್‌ಮನ್ ಮತ್ತು ಪಾನ್ಸ್ ಅವರ 1989ರ ಪೇಪರ್. ಎಂಟೇ ಪುಟ. ಭಾರಜಲದಲ್ಲಿ ಪಲ್ಲಾಡಿಯಂ ಕಡ್ಡಿ ಇಟ್ಟು ಕರೆಂಟ್ ಹರಿಸಿದರೆ, ಕೊಟ್ಟಿದ್ದಕ್ಕಿಂತ ಜಾಸ್ತಿ ಶಾಖ ಬರುತ್ತದೆ, ಅದಕ್ಕೆ ಕಾರಣ ಪರಮಾಣು ಬೀಜಗಳ ಬೆಸುಗೆ, ಅಂದರೆ ಫ್ಯೂಷನ್ ಅನ್ನುವುದು ಅವರ ವಾದ. ಅದೂ ಕೋಣೆಯ ಉಷ್ಣತೆಯಲ್ಲೇ, ಅದಕ್ಕೇ ಕೋಲ್ಡ್ ಫ್ಯೂಷನ್ ಎಂಬ ಹೆಸರು.

ಮೊದಲು ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಅಳೆದದ್ದು: ಶಾಖ, ನ್ಯೂಟ್ರಾನ್, ಗಾಮಾ ಕಿರಣ. ಬಲಕ್ಕೆ ಹೇಳಿದ್ದು: ಫ್ಯೂಷನ್. ನಿಮ್ಮ ಪ್ರಶ್ನೆಗಳೆಲ್ಲ ಈ ಎರಡರ ನಡುವೆ ಇರುತ್ತವೆ.

ಆಮೇಲೆ ಅಂಕಿಗಳನ್ನು ಒಂದಕ್ಕೊಂದು ತಾಳೆ ನೋಡಿ. ನನ್ನ ಪ್ರಕಾರ ರಿವ್ಯೂದ ಜೀವವೇ ಇಲ್ಲಿದೆ, ಅವಸರ ಮಾಡಬೇಡಿ. ಡ್ಯುಟೀರಿಯಂ (ಭಾರಜಲದಲ್ಲಿರುವ ಭಾರ ಹೈಡ್ರೋಜನ್) ಬೆಸುಗೆಯಿಂದ 1 ವ್ಯಾಟ್ ಶಾಖ ಬರಬೇಕಾದರೆ ಸೆಕೆಂಡಿಗೆ ಸುಮಾರು 1 ಲಕ್ಷ ಕೋಟಿ ನ್ಯೂಟ್ರಾನ್ ಹೊರಬೀಳಬೇಕು. ಪೇಪರಿನಲ್ಲಿ ಇರುವುದು ಸುಮಾರು 40 ಸಾವಿರ. ಲೇಖಕರಿಗೂ ಇದು ಗೊತ್ತಿತ್ತು. ಹೆಚ್ಚಿನ ಶಾಖ ಇದುವರೆಗೆ ತಿಳಿಯದ ಪರಮಾಣು ಕ್ರಿಯೆಯಿಂದ ಬರುತ್ತಿದೆ ಅಂದರು. ಹಾಗಾದರೆ ರೆಫರಿ, ಅಂದರೆ ರಿವ್ಯೂ ಮಾಡುವವರು, ಕೇಳಬೇಕಾದದ್ದು: ಅದು ಪರಮಾಣು ಕ್ರಿಯೆಯೇ ಅನ್ನಲು ಶಾಖ ಬಿಟ್ಟು ಬೇರೆ ಪುರಾವೆ ಏನಿದೆ?

ಹೋಲಿಕೆಯ ಪ್ರಯೋಗ ಹುಡುಕಿ. ಅದೇ ಕಡ್ಡಿ, ಅದೇ ಕರೆಂಟ್, ಆದರೆ ಸಾದಾ ನೀರು. ಈ ಪೇಪರಿನಲ್ಲಿ ಅದರ ಫಲಿತಾಂಶ ಇಲ್ಲ. ಇಷ್ಟಕ್ಕೇ ಪೇಪರ್ ವಾಪಸ್ ಕಳಿಸಿ ಮತ್ತೆ ಮಾಡಿಸಬಹುದಿತ್ತು.

ಅಳೆದ ರೀತಿಯನ್ನೂ ನೋಡಿ. ಪಿಯುಸಿ ಲ್ಯಾಬ್‌ನಲ್ಲಿ ಕ್ಯಾಲೊರಿಮೀಟರ್ ಕಲಕದೆ ಥರ್ಮಾಮೀಟರ್ ಓದಿದರೆ ಸರ್ ಬಿಡುತ್ತಿದ್ದರಾ? ಇಲ್ಲಿ ದ್ರಾವಣವನ್ನು ಕಲಕುತ್ತಿದ್ದದ್ದು ಮೇಲೇಳುವ ಗುಳ್ಳೆಗಳು ಮಾತ್ರ. ಅದು ಸಾಕೇ ಎಂದು ಕ್ಯಾಲ್‌ಟೆಕ್‌ನ ನೇಥನ್ ಲೂಯಿಸ್ ತಂಡ ಪ್ರಶ್ನೆ ಎತ್ತಿತು. ಗಾಮಾ ಕಿರಣದ ಗ್ರಾಫ್ ಇನ್ನೂ ಕೆಟ್ಟದ್ದು. ಆ ಉಪಕರಣದಲ್ಲಿ ಅಷ್ಟು ಕಿರಿದಾದ ಶಿಖರ ಬರುವುದೇ ಇಲ್ಲ ಎಂದು ಎಂಐಟಿಯವರು ತೋರಿಸಿದರು. ಗ್ರಾಫ್ ಕಂಡರೆ ಅಕ್ಷದ ಎರಡೂ ತುದಿ ನೋಡಿ, ಏನನ್ನು ಕತ್ತರಿಸಿದ್ದಾರೆ ಕೇಳಿ.

ಈಗ ವರದಿ. "ಇದು ಅಸಾಧ್ಯ" ಅಂತ ಬರೆಯಬೇಡಿ. "3ನೇ ಪುಟದ ಈ ಸಂಖ್ಯೆ ಹೇಗೆ ಬಂತು, ಮೂಲ ಅಳತೆ ಕೊಡಿ" ಅಂತ ಬರೆಯಿರಿ. ಪುಟ, ಸಾಲು, ಬೇಕಾದದ್ದು. ಪ್ರಶ್ನೆಗೆ ಎಷ್ಟು ಬಲ ಇದೆ ನೋಡಿ: ಇದೇ ಜೋಡಿ ನೇಚರ್ ಜರ್ನಲ್‌ಗೂ ಒಂದು ಪೇಪರ್ ಕಳಿಸಿತ್ತು. ರೆಫರಿಗಳು ಹೆಚ್ಚಿನ ವಿವರ ಕೇಳಿದಾಗ ಅದನ್ನು ಹಿಂದಕ್ಕೆ ಪಡೆದರು.

ಸಮಯ ಇಲ್ಲದಿದ್ದರೆ ಮೊದಲೇ ಆಗಲ್ಲ ಅನ್ನಿ. ಈ ಪೇಪರ್ ಜರ್ನಲ್‌ಗೆ ಮುಟ್ಟಿದ್ದು ಮಾರ್ಚ್ 13ಕ್ಕೆ, ತಿದ್ದಿ ಬಂದದ್ದು 22ಕ್ಕೆ, ಅಮೆರಿಕದ ಯೂಟಾದಲ್ಲಿ ಪತ್ರಿಕಾಗೋಷ್ಠಿ 23ಕ್ಕೆ. ಒಂಬತ್ತು ದಿನದಲ್ಲಿ ಇಂಥ ವಾದವನ್ನು ಜರಡಿ ಹಿಡಿಯಲು ಆಗುವುದಿಲ್ಲ.

ಇನ್ನೊಂದು ತಪ್ಪೂ ಇದೆ, ಅದೂ ನನಗೆ ಅಷ್ಟೇ ಬೇಸರ ತರುತ್ತದೆ. ಕೋಲ್ಡ್ ಫ್ಯೂಷನ್ ಎಂಬ ಹೆಸರು ಕಂಡರೇ ಓದದೆ ತಳ್ಳುವುದು. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ (ಬಾರ್ಕ್) 1989ರಲ್ಲೇ ಪಿ.ಕೆ. ಅಯ್ಯಂಗಾರ್ ನಿರ್ದೇಶಕರಾಗಿದ್ದ ಕಾಲದಲ್ಲಿ ಈ ಪ್ರಯೋಗಗಳು ನಡೆದವು, ಬೆಸುಗೆಯಲ್ಲಿ ಹುಟ್ಟುವ ಟ್ರಿಟಿಯಂ ಸಿಕ್ಕಿದೆ ಎಂದು ವರದಿ ಮಾಡಿದರು. ಬೆಂಗಳೂರಿನ ಕರೆಂಟ್ ಸೈನ್ಸ್ ಜರ್ನಲ್ 2015ರಲ್ಲಿ ಈ ವಿಷಯಕ್ಕೆ ವಿಶೇಷ ವಿಭಾಗವನ್ನೇ ಕೊಟ್ಟಿತು. ಒಪ್ಪುವುದು ಬೇರೆ, ಓದುವುದು ಬೇರೆ ಅಲ್ವಾ?

ಎರಡನೇ ಅಭ್ಯಾಸಕ್ಕೆ 2019ರ ನೇಚರ್ ಪೇಪರ್ ತೆಗೆದುಕೊಳ್ಳಿ. ಗೂಗಲ್ ಹಣದಲ್ಲಿ ಕೆಲಸ ಮಾಡಿದ ತಂಡದ್ದು. ಕೋಲ್ಡ್ ಫ್ಯೂಷನ್‌ಗೆ ಪುರಾವೆ ಸಿಗಲಿಲ್ಲ ಎಂದು ನೇರವಾಗಿ ಬರೆದಿದ್ದಾರೆ. ಅದೇ ಹಾಳೆ, ಅದೇ ಗೆರೆ, ಅವೇ ಪ್ರಶ್ನೆಗಳು. ಫಲಿತಾಂಶ ನಿಮಗೆ ಒಪ್ಪಿಗೆ ಅಂತ ಪ್ರಶ್ನೆ ಕಡಿಮೆ ಮಾಡಬೇಡಿ.