ಪೈ ಚಾರ್ಟ್ ಹಾಕುವಾಗ 'ಒಟ್ಟು' ಸಾಲು ಬಿಡಿ
ಹೈಸ್ಕೂಲ್ ಮಕ್ಕಳಿಗೆ ಕಂಪ್ಯೂಟರ್‌ನಲ್ಲಿ, ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್‌ನಲ್ಲಿ, ಪೈ ಚಾರ್ಟ್ (ವೃತ್ತವನ್ನು ಭಾಗ ಮಾಡಿ ತೋರಿಸುವ ಚಿತ್ರ) ಹೇಳಿಕೊಡುವವರಿಗೆ ಒಂದು ಸಣ್ಣ ಸಲಹೆ. ಪುಸ್ತಕದ ಲೆಕ್ಕ ಬೇಡ, ಮಕ್ಕಳಿಗೆ ಗೊತ್ತಿರುವ ಖರ್ಚು ಕೊಡಿ. ನಾನು ಹಾಸನದಿಂದ ಬೇಲೂರು, ಹಳೇಬೀಡಿಗೆ ಹೋಗಿಬರುವ ಲೆಕ್ಕ ಕೊಟ್ಟೆ: ವ್ಯಾನ್ ಬಾಡಿಗೆ 3600, ಊಟ 2400, ಕಾಫಿ-ತಿಂಡಿ 1200, ಇತರೆ 800. ಒಟ್ಟು 8000 ರೂಪಾಯಿ. ('ಇತರೆ' ಅಂದರೆ ಏನು ಅಂತ ಕೇಳಿದ್ದಕ್ಕೆ ಎಲ್ಲರೂ ಐಸ್‌ಕ್ರೀಮ್ ಅಂದರು!)

ಮಕ್ಕಳು ಸುಮ್ನೆ ಇಡೀ ಪಟ್ಟಿ ಸೆಲೆಕ್ಟ್ ಮಾಡಿಬಿಡುತ್ತಾರೆ, ಆಗ ಒಟ್ಟು ಮೊತ್ತದ ಸಾಲೂ ಒಳಗೆ ಸೇರಿಕೊಂಡು ಅರ್ಧ ವೃತ್ತವನ್ನು ಅದೇ ನುಂಗುತ್ತದೆ, ಶೇ. 45 ಇರಬೇಕಾದ ವ್ಯಾನ್ ಬಾಡಿಗೆ ಶೇ. 22.5 ಆಗುತ್ತದೆ. ಮೊದಲ ಸಲ ಈ ತಪ್ಪು ಮಾಡಲು ಬಿಡಿ. ಎಲ್ಲಿ ಎಡವಟ್ಟಾಯ್ತು ಅಂತ ಅವರೇ ಹುಡುಕಲಿ.

ಆಮೇಲೆ 'ಒಟ್ಟು' ಸಾಲು ಬಿಟ್ಟು ಹೆಸರು, ಮೊತ್ತ ಎರಡೇ ಕಾಲಂ ಸೆಲೆಕ್ಟ್ ಮಾಡಿಸಿ, ಇನ್ಸರ್ಟ್‌ನಲ್ಲಿ ಪೈ ಚಾರ್ಟ್ ಒತ್ತಿಸಿ. ಡೇಟಾ ಲೇಬಲ್‌ನಲ್ಲಿ ಪರ್ಸೆಂಟೇಜ್ ಆರಿಸಿದರೆ ಶೇಕಡಾ ತಾನೇ ಬರುತ್ತದೆ. ಆದರೂ ಪಕ್ಕದ ಕಾಲಂನಲ್ಲಿ ಪ್ರತಿ ಮೊತ್ತವನ್ನು ಒಟ್ಟಿನಿಂದ ಒಮ್ಮೆ ಭಾಗಿಸಿ ನೋಡಲಿ. ಫಾರ್ಮುಲಾದಲ್ಲಿ ಒಟ್ಟಿನ ಸೆಲ್‌ಗೆ, ಅದು ಜರುಗದಂತೆ ಹಿಡಿಯುವ ಡಾಲರ್ ಗುರುತು ($) ಹಾಕದೆ ಕೆಳಗೆ ಎಳೆದರೆ ಎರರ್ ಬರುತ್ತದೆ, ಇದು ಎಲ್ಲರಿಗೂ ಆಗುತ್ತೆ.

ಕರೆಂಟ್ ಹೋಯ್ತಾ? ಶೇ. 1 ಅಂದರೆ 3.6 ಡಿಗ್ರಿ. ಕೋನಮಾಪಕ ಹಿಡಿದು ಕಾಗದದ ಮೇಲೆ ಬರೆಸಿ, ವ್ಯಾನ್‌ಗೆ 162 ಡಿಗ್ರಿ.